ಮಾತು ಕೇಳುವುದು ಅಂದರೆ

ಮುಟ್ಟಳ್ಳಿಯ ನಮ್ಮ ಮನೆಯಲ್ಲಿ ಎರಡು ಭಾಷೆ. ಒಳಗೆ ಕೊಂಕಣಿ, ಅಂಗಳ ದಾಟಿದರೆ ಕನ್ನಡ. ಸಂಜೆಯ ಪ್ರಾರ್ಥನೆ ಕೊಂಕಣಿಯಲ್ಲಿ. ಶಾಲೆಯ ಪಾಠ, ಭಟ್ಕಳ ಪೇಟೆಯ ವ್ಯವಹಾರ, ನೆರೆಮನೆಯವರ ಜೊತೆಗಿನ ಮಾತುಕತೆ ಎಲ್ಲ ಕನ್ನಡದಲ್ಲಿ. ಬೈಯುವಾಗ ಮಾತ್ರ ಅಪ್ಪ ಎರಡನ್ನೂ ಬಳಸುತ್ತಿದ್ದರು. ‘ಇವನು ಹೇಳಿದ ಮಾತು ಕೇಳುವುದಿಲ್ಲ’ ಎನ್ನುವುದು ನನ್ನ ಮೇಲಿದ್ದ ಖಾಯಂ ದೂರು. ನನ್ನ ಕಿವಿ ಸರಿಯಾಗಿಯೇ ಇತ್ತು. ಕೇಳಿಸಿಕೊಂಡೂ ಮಾಡುತ್ತಿರಲಿಲ್ಲ, ಅಷ್ಟೇ.

ಕನ್ನಡ ಬೈಬಲಿನಲ್ಲಿ ಇದಕ್ಕೆ ‘ವಿಧೇಯತೆ’ ಎಂಬ ದೊಡ್ಡ ಶಬ್ದವಿದೆ. ಆ ಶಬ್ದ ಓದಿದಾಗಲೆಲ್ಲ ನನಗೆ ಶಾಲೆಯ ರಜೆ ಅರ್ಜಿ ನೆನಪಾಗುತ್ತದೆ. ಇಲ್ಲದ ಜ್ವರದ ಕಥೆಯನ್ನೆಲ್ಲ ಬರೆದು ಕೊನೆಯಲ್ಲಿ ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’ ಎಂದು ಸಹಿ ಹಾಕುತ್ತಿದ್ದೆವು. ಸುಳ್ಳು ಹೇಳುತ್ತಲೇ ವಿಧೇಯರಾಗಿರಬಹುದು ಎಂಬ ಪಾಠವನ್ನು ನಾನು ಕಲಿತದ್ದು ಅಲ್ಲೇ.

ನಾನು ಹುಟ್ಟಿ ಬೆಳೆದ ಧರ್ಮ ವಿಧೇಯತೆಯ ಬಗ್ಗೆ ದೊಡ್ಡದೊಂದು ಮಾತು ಹೇಳುತ್ತದೆ. ದೇವರ ಮಾತಿನಂತೆ ನಡೆದರೆ ಬಾಳು ತುಂಬಿಕೊಳ್ಳುತ್ತದೆ, ನಡೆಯದಿದ್ದರೆ ಒಣಗುತ್ತದೆ ಎನ್ನುತ್ತದೆ. ಮೊದಲನೆಯ ಕೀರ್ತನೆಯಲ್ಲಿ ಅದಕ್ಕೊಂದು ಮರದ ಹೋಲಿಕೆಯಿದೆ: ನೀರ ಕಾಲುವೆಯ ಬಳಿ ನೆಟ್ಟ ಮರ, ಅದರ ಎಲೆ ಬಾಡುವುದಿಲ್ಲ. ಅಡಿಕೆ ತೋಟದ ನಡುವೆ ಬೆಳೆದವನಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅದು ನಿಜವೇ? ಮಾತು ಕೇಳಿದವರ ಬಾಳು ಹಸಿರಾಗುತ್ತದೆಯೇ? ಈ ಪ್ರಶ್ನೆಗೆ ನನ್ನ ಮನೆಯೊಳಗೇ ಎರಡು ಘಟನೆಗಳಿವೆ. ಒಂದು ಹೌದು ಎನ್ನುತ್ತದೆ, ಇನ್ನೊಂದು ಅಲ್ಲ ಎನ್ನುತ್ತದೆ.

ಮೊದಲನೆಯದು ಅಪ್ಪನದು. ಅಪ್ಪನಿಗೂ ದೊಡ್ಡಪ್ಪನಿಗೂ ತೋಟದ ಗಡಿಯ ವಿಷಯದಲ್ಲಿ ಮಾತು ನಿಂತು ಮೂರು ವರ್ಷವಾಗಿತ್ತು. ಜಗಳವಿದ್ದದ್ದು ಒಂದು ಸಾಲು ಅಡಿಕೆ ಮರಕ್ಕೆ. ಸೆಪ್ಟೆಂಬರ್ 8, ಮರಿಯಮ್ಮನವರ ಹುಟ್ಟಿದ ಹಬ್ಬ, ನಮ್ಮ ಕಡೆಯ ತೆನೆ ಹಬ್ಬ. ಹೊಸ ಭತ್ತದ ತೆನೆಗೆ ಇಗರ್ಜಿಯಲ್ಲಿ ಆಶೀರ್ವಾದವಾಗುತ್ತದೆ, ಅದನ್ನು ಮನೆಗೆ ತಂದು ಹೊಸ ಅಕ್ಕಿಯ ಊಟ ಮಾಡುತ್ತೇವೆ. ಆ ವರ್ಷ ಇಗರ್ಜಿಗೆ ಹೊರಟ ಅಪ್ಪ ಅರ್ಧ ದಾರಿಯಲ್ಲಿ ನಿಂತರು. ಕಾಣಿಕೆಯೊಡನೆ ಪೀಠದ ಬಳಿ ಬಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಮುನಿಸಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದು ಯೇಸು ಬೆಟ್ಟದ ಮೇಲೆ ಮಾಡಿದ ಬೋಧನೆಯಲ್ಲಿದೆ. ಅಪ್ಪ ಅದನ್ನು ಎಷ್ಟೋ ಸಲ ಕೇಳಿದ್ದರು. ಆ ದಿನ ಅದು ಕೇಳಿಸಿತು ಎಂದು ಕಾಣುತ್ತದೆ. ನಮ್ಮನ್ನು ಮುಂದೆ ಕಳಿಸಿ, ತಾವು ತಿರುಗಿ ದೊಡ್ಡಪ್ಪನ ಮನೆಗೆ ನಡೆದರು.

ದೊಡ್ಡಪ್ಪ ಒಳಗೆ ಕರೆಯಲಿಲ್ಲ. ಅಪ್ಪ ಜಗಲಿಯ ಕೆಳಗೇ ನಿಂತು ‘ಆ ಸಾಲು ನಿನಗೇ ಇರಲಿ’ ಎಂದು ಹೇಳಿ ಬಂದರು. ಅಮ್ಮನಿಗೆ ಸಿಟ್ಟು ಬಂತು, ನನಗೆ ನಾಚಿಕೆಯಾಯಿತು. ದೊಡ್ಡಪ್ಪ ಮಾತಾಡಲು ಇನ್ನೂ ಒಂದು ವರ್ಷ ಹಿಡಿಯಿತು. ಅಡಿಕೆಯ ಲೆಕ್ಕದಲ್ಲಿ ನಮಗೆ ನಷ್ಟವೇ. ಆದರೆ ಮೂರು ವರ್ಷ ನಡುರಾತ್ರಿ ಎದ್ದು ಕೂರುತ್ತಿದ್ದ ಅಪ್ಪ ಆಮೇಲೆ ನಿದ್ದೆ ಮಾಡತೊಡಗಿದರು. ಅವರ ಕೊನೆಯ ಕಾಯಿಲೆಯಲ್ಲಿ ರಾತ್ರಿ ಪಕ್ಕದಲ್ಲಿ ಕೂತದ್ದು ದೊಡ್ಡಪ್ಪ. ‘ಸಮೃದ್ಧಿ’ ಎಂಬ ಶಬ್ದಕ್ಕೆ ನನಗೆ ಗೊತ್ತಿರುವ ಅರ್ಥ ಅದು.

ಎರಡನೆಯದು ಚಿಕ್ಕಪ್ಪನ ಮಗಳದು. ಮದುವೆಯಾಗಿ ಎರಡು ವರ್ಷಕ್ಕೆ ಒಂದು ಮಳೆಗಾಲದ ಸಂಜೆ ಬ್ಯಾಗು ಹಿಡಿದುಕೊಂಡು ಬಂದಳು. ಗಂಡ ಹೊಡೆಯುತ್ತಾನೆ ಎಂದಳು. ಹಿರಿಯರು ಸೇರಿದರು. ಅವಳಿಗೆ ಬುದ್ಧಿ ಹೇಳಲು ಕರೆಸಿದ ಧರ್ಮದ ತಿಳಿವಳಿಕೆಯವರೊಬ್ಬರು, ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಎಂಬ ಪೌಲನ ಪತ್ರದ ಮಾತನ್ನು ನೆನಪಿಸಿದರು. ಕೊನೆಗೆ ಎಲ್ಲರೂ ನನ್ನ ಕಡೆ ನೋಡಿದರು. ಓದಿದವನು ನಾನು, ಅವಳಿಗೆ ನನ್ನ ಮೇಲೆ ವಿಶ್ವಾಸ. ‘ಸ್ವಲ್ಪ ಹೊಂದಿಕೊಂಡು ಹೋಗು, ದೇವರು ನೋಡಿಕೊಳ್ಳುತ್ತಾನೆ’ ಎಂದೆ. ಅವಳು ‘ಆಯಿತು ಅಣ್ಣ’ ಎಂದಳು. ಮರುದಿನ ನಾನೇ ಬಸ್ಸು ಹತ್ತಿಸಿದೆ.

ಅವಳು ಮಾತು ಕೇಳಿದಳು. ನಾಲ್ಕು ವರ್ಷ ಕೇಳಿದಳು. ಒಣಗಿದಳು. ಕೊನೆಗೆ ಯಾರನ್ನೂ ಕೇಳದೆ ಮಗುವನ್ನು ಎತ್ತಿಕೊಂಡು ಹೊರಬಂದಳು.

ಹಾಗಾದರೆ ವಿಧೇಯತೆ ಬಾಳನ್ನು ತುಂಬುತ್ತದೆಯೋ, ಬರಿದು ಮಾಡುತ್ತದೆಯೋ? ವಿಧೇಯತೆಯೇ ತಪ್ಪು, ಸ್ವಂತ ಬುದ್ಧಿಯಿಂದ ನಡೆ ಎನ್ನುವ ಉತ್ತರವೊಂದಿದೆ. ಕಾಂಟ್ 1784ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಹೇಳಿದ್ದು ಹೆಚ್ಚುಕಡಿಮೆ ಅದನ್ನೇ: ಇನ್ನೊಬ್ಬರು ಕೈಹಿಡಿದು ನಡೆಸದೆ ಯೋಚಿಸಲು ಅಂಜುವುದೇ ಮನುಷ್ಯನ ಬಾಲಿಶತನ. ಆ ಮಾತಿನ ತೂಕವನ್ನು ನಾನು ಅಲ್ಲಗಳೆಯಲಾರೆ. ಲಕ್ಷಾಂತರ ಯೆಹೂದಿಗಳನ್ನು ಸಾವಿಗೆ ಸಾಗಿಸಿದ ಐಕ್‌ಮನ್ 1961ರಲ್ಲಿ ಜೆರುಸಲೇಮಿನ ನ್ಯಾಯಾಲಯದಲ್ಲಿ ನಿಂತು, ಮೇಲಿನವರ ಅಪ್ಪಣೆ ಪಾಲಿಸಿದೆ ಎಂದ. ಆದರೆ ಅದೇ ಜರ್ಮನಿಯಲ್ಲಿ ಬೊನ್ಹೊಫರ್ ಎಂಬ ಪಾದ್ರಿಯೂ ಇದ್ದ. 1937ರಲ್ಲಿ ಅವನು ಬರೆದ ಪುಸ್ತಕದ ತಿರುಳೇ ವಿಧೇಯತೆ. ನಂಬಿಕೆಯನ್ನೂ ವಿಧೇಯತೆಯನ್ನೂ ಬಿಡಿಸಲಾಗದು ಎನ್ನುವುದು ಅವನ ವಾದ. ಅವನು ಹಿಟ್ಲರನ ವಿರುದ್ಧದ ಸಂಚಿನಲ್ಲಿ ಸೇರಿದ, 1945ರ ಏಪ್ರಿಲ್ 9ರಂದು ಗಲ್ಲಿಗೇರಿದ. ಇಬ್ಬರೂ ವಿಧೇಯತೆಯ ಮಾತಾಡಿದವರೇ. ಹಾಗಾಗಿ ವಿಧೇಯತೆ ಬೇಕೋ ಬೇಡವೋ ಎಂಬ ಪ್ರಶ್ನೆ ನನಗೆ ಸಾಲುವುದಿಲ್ಲ. ಯಾರ ಮಾತು, ಕೇಳುವುದು ಹೇಗೆ ಎಂದು ನೋಡಬೇಕು.

ಇಲ್ಲಿ ನನಗೆ ನೆರವಿಗೆ ಬಂದದ್ದು ಅಂಗಳದಾಚೆಯ ಭಾಷೆ. ವಿಧೇಯನಾಗುವುದಕ್ಕೆ ಕನ್ನಡದವರು ‘ಮಾತು ಕೇಳುವುದು’ ಎನ್ನುತ್ತಾರೆ. ಬೈಬಲಿನ ಮೂಲಭಾಷೆಗಳೂ ಹಾಗೆಯೇ. ಹೀಬ್ರೂವಿನಲ್ಲಿ ‘ಶಮಾ’ ಎಂದರೆ ಕೇಳು, ಪಾಲಿಸು ಎಂದೂ ಹೌದು. ಗ್ರೀಕಿನ ‘ಹುಪಕೊಎ’ ಎಂಬ ಶಬ್ದದೊಳಗೂ ಆಲಿಸುವ ಕ್ರಿಯೆಯೇ ಇದೆ. ನಮ್ಮ ಕೊಂಕಣಿಯ ‘ಆಯ್ಕ’ ಕೂಡ ಅದೇ. ಆದರೆ ಕನ್ನಡದಲ್ಲಿ ಇನ್ನೊಂದು ಹೆಚ್ಚಿನದಿದೆ. ಕೊಂಕಣಿಯಲ್ಲಿ ಪ್ರಶ್ನೆ ಮಾಡುವುದಕ್ಕೆ ‘ವಿಚಾರ್’ ಎಂಬ ಬೇರೆಯೇ ಶಬ್ದ ಬೇಕು. ಕನ್ನಡದಲ್ಲಿ ಆಲಿಸುವುದೂ ಕೇಳುವುದೇ, ಪಾಲಿಸುವುದೂ ಕೇಳುವುದೇ, ಪ್ರಶ್ನಿಸುವುದೂ ಬೇಡುವುದೂ ಕೇಳುವುದೇ. ಶಬ್ದದಲ್ಲಿ ಹೀಗಿದೆ ಎಂದ ಮಾತ್ರಕ್ಕೆ ಲೋಕದಲ್ಲಿ ಹೀಗೇ ಇರಬೇಕೆಂದಿಲ್ಲ. ಆದರೂ ನಾನು ಇಗರ್ಜಿಯಲ್ಲಿ ಕಲಿತ ಕಥೆಗಳನ್ನು ಈ ಒಂದು ಶಬ್ದ ಹಿಡಿದು ಮತ್ತೆ ಓದಿದಾಗ ಅವು ಬೇರೆಯಾಗಿ ಕಂಡವು.

ಹಿಡಿದುಕೊಡುವ ರಾತ್ರಿ ಯೇಸು ಗೆತ್ಸೆಮನೆ ತೋಟದಲ್ಲಿ ಮೊದಲು ಬೇಡುತ್ತಾನೆ: ಸಾಧ್ಯವಿದ್ದರೆ ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು. ಒಪ್ಪಿಕೊಳ್ಳುವುದು ಆಮೇಲೆ. ಅವನು ಹೇಳಿದ ಇಬ್ಬರು ಮಕ್ಕಳ ಕಥೆಯಲ್ಲಿ, ತೋಟಕ್ಕೆ ಹೋಗು ಎಂದರೆ ಒಬ್ಬ ಆಗಲಿ ಎಂದು ಹೋಗುವುದಿಲ್ಲ. ಇನ್ನೊಬ್ಬ ಆಗದು ಎಂದು, ಆಮೇಲೆ ಮನಸ್ಸು ಬದಲಿಸಿ ಹೋಗುತ್ತಾನೆ. ತಂದೆಯ ಇಷ್ಟ ನಡೆಸಿದವನು ಎದುರಾಡಿದವನೇ. ‘ಇಂತಿ ತಮ್ಮ ವಿಧೇಯ’ ಎಂದು ಸಹಿ ಹಾಕುವವನ ಕಥೆ ಮೊದಲನೆಯವನದು.

ನಮ್ಮ ಕರಾವಳಿಯನ್ನು ತುಳಿದುಹೋದ ಒಬ್ಬರನ್ನೂ ಇಲ್ಲಿ ನೆನೆಯಬೇಕು. ಗೋವೆಯ ಜೋಸೆಫ್ ವಾಜ್ ಎಂಬ ತರುಣ ಪಾದ್ರಿ ತನ್ನನ್ನು ಸಿಂಹಳಕ್ಕೆ ಕಳಿಸಿ ಎಂದು ಕೇಳಿಕೊಂಡರು. ಮೇಲಿನವರು 1681ರಲ್ಲಿ ಕೆನರಾಕ್ಕೆ ಹೋಗು ಎಂದರು. ಆಗ ಇಲ್ಲಿ ಕೆಳದಿಯ ಚೆನ್ನಮ್ಮಾಜಿಯ ಆಳ್ವಿಕೆ. ಇಲ್ಲಿನ ಕ್ರೈಸ್ತರ ಮೇಲೆ ಅಧಿಕಾರ ಗೋವೆಯ ಆರ್ಚ್‌ಬಿಷಪ್ಪರದೋ, ರೋಮ್ ನೇಮಿಸಿದ ಬಿಷಪ್ಪರದೋ ಎಂಬ ವ್ಯಾಜ್ಯ ಬೇರೆ. ವಾಜ್ ಬಂದರು, ಎರಡೂ ಕಡೆಗೆ ನೋವಾಗದಂತೆ 1684ರವರೆಗೆ ದುಡಿದರು. ಆದರೆ ಸಿಂಹಳದ ಆಸೆಯನ್ನು ಬಿಡಲಿಲ್ಲ. 1687ರಲ್ಲಿ ಬಡವನ ವೇಷದಲ್ಲಿ ಅಲ್ಲಿಗೆ ಹೋದರು. ಅಲ್ಲಿನ ಕರಾವಳಿಯನ್ನು ಹಿಡಿದಿದ್ದ ಡಚ್ಚರು ಕಥೊಲಿಕ ಪಾದ್ರಿಗಳನ್ನು ನಿಷೇಧಿಸಿದ್ದರು. ವಾಜ್ ಆ ಅಪ್ಪಣೆಯನ್ನು ಕೇಳಲಿಲ್ಲ. ಕ್ಯಾಂಡಿಯಲ್ಲಿ ಸಿಡುಬು ಬಂದಾಗ ಜನ ತೊರೆದುಹೋದ ರೋಗಿಗಳ ಆರೈಕೆ ಮಾಡಿದರು, 1711ರಲ್ಲಿ ಅಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಒಬ್ಬನೇ ಮನುಷ್ಯ ಒಂದು ಅಪ್ಪಣೆಗೆ ತಲೆಬಾಗಿದ, ಇನ್ನೊಂದನ್ನು ಮೀರಿದ, ತನ್ನ ಬೇಡಿಕೆಯನ್ನು ಕೊನೆಯವರೆಗೂ ಜೀವಂತ ಇಟ್ಟುಕೊಂಡ. ಕೇಳು ಎಂಬ ಶಬ್ದದ ಎಲ್ಲ ಅರ್ಥಗಳೂ ಆ ಒಂದು ಬಾಳಿನಲ್ಲಿವೆ.

ಇದೆಲ್ಲದರಿಂದ ನನಗೆ ಸಿಕ್ಕ ಪರೀಕ್ಷೆ ಸರಳವಾದದ್ದು. ವಿಧೇಯತೆಯ ನೀರು ಯಾರ ತೋಟಕ್ಕೆ ಹೋಯಿತು ಎಂದು ನೋಡಬೇಕು. ಅಪ್ಪನ ವಿಧೇಯತೆಯ ನೀರು ಎರಡೂ ಮನೆಗೆ ಹರಿಯಿತು. ತಂಗಿಯದು ಹೊಡೆಯುವವನ ಬೇರಿಗೆ ಮಾತ್ರ ಹೋಯಿತು. ಅಪ್ಪಣೆ ಕೊಟ್ಟವನು ತಾನೂ ಅದಕ್ಕೆ ಒಳಪಟ್ಟಿದ್ದಾನೆಯೇ ಎಂದೂ ನೋಡಬೇಕು. ಸೇವೆ ಮಾಡಿರಿ ಎಂದ ಯೇಸು ತಾನೇ ಬಗ್ಗಿ ಶಿಷ್ಯರ ಕಾಲು ತೊಳೆದ. ಪೌಲನ ಪತ್ರದಲ್ಲೂ ಹೆಂಡತಿಗೆ ಹೇಳಿದ ಮಾತಿಗೆ ಮೊದಲೇ, ಒಬ್ಬರಿಗೊಬ್ಬರು ಅಧೀನರಾಗಿರಿ ಎಂಬ ಮಾತಿದೆ. ಆ ಸಂಜೆ ನಮ್ಮ ಜಗಲಿಯಲ್ಲಿ ಅದನ್ನು ಯಾರೂ ಓದಲಿಲ್ಲ. ನನಗೆ ಅದು ಗೊತ್ತಿತ್ತು. ನಾನೂ ಓದಲಿಲ್ಲ.

ತಂಗಿ ಈಗ ಕುಮಟೆಯಲ್ಲಿದ್ದಾಳೆ. ಹೊಲಿಗೆ ಮಾಡುತ್ತಾಳೆ, ಮಗಳು ಕಾಲೇಜಿಗೆ ಹೋಗುತ್ತಾಳೆ. ಭಾನುವಾರದ ಪೂಜೆ ತಪ್ಪಿಸುವುದಿಲ್ಲ. ಆ ವಿಷಯದಲ್ಲಿ ನನಗಿಂತ ಗಟ್ಟಿ. ಕಳೆದ ತೆನೆ ಹಬ್ಬಕ್ಕೆ ಬಂದವಳ ಮುಂದೆ ಧೈರ್ಯ ಮಾಡಿ, ಅಂದು ನಿನ್ನನ್ನು ವಾಪಸು ಕಳಿಸಿದ್ದು ತಪ್ಪಾಯಿತು ಎಂದೆ. ಅವಳು ಅಕ್ಕಿ ತೊಳೆಯುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಅಣ್ಣ, ನಾನು ನಿಮ್ಮೆಲ್ಲರ ಮಾತು ಕೇಳಿದೆ. ನನ್ನ ಮಾತನ್ನು ಯಾರಾದರೂ ಕೇಳಿದಿರಾ?’ ಎಂದಳು.

ಆ ಮಳೆಗಾಲದ ಸಂಜೆ ದೇವರ ಅಪ್ಪಣೆ ಅವಳಿಗಲ್ಲ, ನನಗೆ ಬಂದಿತ್ತು ಎಂದು ಈಗ ಅನ್ನಿಸುತ್ತದೆ. ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತವಳ ಮಾತು ಕೇಳು ಎನ್ನುವುದೇ ಆ ಅಪ್ಪಣೆ. ಅಪ್ಪನ ಹಳೆಯ ದೂರು ಅಲ್ಲಿಗೆ ನಿಜವಾಯಿತು. ನಾನು ಕೇಳಲಿಲ್ಲ.