ಎಂಜಿನ್ ಬದಲಾದ ಮೇಲೂ ಉಳಿಯುವ ಹೊಣೆ

ಕೋಲ್ಕತ್ತದ ಹತ್ತಿರದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಡರ್ ಕಾರಿನ ಹೊರಮೈ ಹೆಚ್ಚೇನೂ ಬದಲಾಗಲಿಲ್ಲ; ಒಳಗಿನ ಎಂಜಿನ್ನು ಮಾತ್ರ ಹಲವು ಬಾರಿ ಬದಲಾಯಿತು. ಬಹುಕಾಲ ಅದನ್ನು ಎಳೆದದ್ದು ಬ್ರಿಟಿಷ್ ವಿನ್ಯಾಸದ 1,489 ಸಿಸಿ ಪೆಟ್ರೋಲ್ ಎಂಜಿನ್ನು, ಸುಮಾರು 50 ಅಶ್ವಶಕ್ತಿಯದು. 1990ರ ದಶಕದಲ್ಲಿ ಜಪಾನಿನ ಇಸುಜು ಕಂಪನಿಯ 1.8 ಲೀಟರಿನ ಎಂಜಿನ್ನು ಬಂತು. ಶಕ್ತಿ 75ರ ಆಸುಪಾಸಿಗೆ ಏರಿತು. ಅರವತ್ತು, ಎಪ್ಪತ್ತರ ದಶಕದ ಗಾಡಿಗಳಿಗೂ ಈ ಎಂಜಿನ್ನನ್ನು ಕೂರಿಸುವವರಿದ್ದಾರೆ. ಕೂರಿಸಿದ ಮೇಲೆ ಮುಂದಿನ ಆಸೆ ಎಸಿಯದು. ಆಗ ಒಂದು ತರ್ಕ ಎದ್ದು ನಿಲ್ಲುತ್ತದೆ: ಎಂಜಿನ್ನೇ ಹೋದ ಮೇಲೆ ಎಸಿಗೆ ಯಾತರ ಮಡಿ? ಈ ಪ್ರಶ್ನೆ ಕಾರಿಗಿಂತ ದೊಡ್ಡದು. ಒಂದರ ಮೂಲರೂಪ ಒಮ್ಮೆ ಕೆಟ್ಟಿತೆಂದರೆ ಅದರ ಬಗೆಗಿನ ಹೊಣೆಯೂ ಅಲ್ಲಿಗೆ ಮುಗಿಯುತ್ತದೆಯೆ? ಮುಗಿಯುವುದಿಲ್ಲ ಎಂಬುದು ನನ್ನ ವಾದ. ಎಸಿ ಹಾಕಿಸಬಹುದು. ಆದರೆ ಎಂಜಿನ್ ಬದಲಾದದ್ದು ಅದಕ್ಕೆ ಸಿಕ್ಕ ಪರವಾನಗಿಯಲ್ಲ.

ಮೂಲರೂಪದ ಪಕ್ಷಪಾತಿಗಳೂ ಕಾನೂನೂ ಇಲ್ಲಿ ಒಂದು ಗೆರೆ ಎಳೆಯುತ್ತಾರೆ. ಕೇಂದ್ರ ಸರ್ಕಾರದ 2021ರ ನಿಯಮದ ಪ್ರಕಾರ ವಿಂಟೇಜ್ ವಾಹನಕ್ಕೆ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಯಾವುದರಲ್ಲೂ ಮಾರ್ಪಾಟು ಆಗಿರಬಾರದು. ಎಂಜಿನ್ ಬದಲಿಸಿದ ಕಾರು ಆ ಗೆರೆಯ ಹೊರಗೆ ಬೀಳುತ್ತದೆ. ವಿಚಿತ್ರವೆಂದರೆ, ಕಟ್ಟುನಿಟ್ಟಿನವರೂ ಸಡಿಲ ಬಿಟ್ಟವರೂ ಒಂದೇ ನಂಬಿಕೆಯ ಮೇಲೆ ನಿಂತಿದ್ದಾರೆ: ಸ್ವರೂಪವೆಂಬುದು ಇಡಿಯಾಗಿ ಇರುತ್ತದೆ, ಇಲ್ಲವೆ ಇಡಿಯಾಗಿ ಹೋಗುತ್ತದೆ. ಹೋಯಿತೆಂದು ಒಬ್ಬರು ಕಾರನ್ನೇ ಕೈಬಿಡುತ್ತಾರೆ, ಇನ್ನೊಬ್ಬರು ಸಂಕೋಚವನ್ನು ಕೈಬಿಡುತ್ತಾರೆ.

ಬೌದ್ಧರ ಮಿಲಿಂದಪಞ್ಹದಲ್ಲಿ ನಾಗಸೇನ ಭಿಕ್ಷು ಮಿಲಿಂದ ರಾಜನ ರಥವನ್ನು ಮಾತಿನಲ್ಲೇ ಬಿಚ್ಚಿಹಾಕುವ ಪ್ರಸಂಗ ಎಲ್ಲರಿಗೂ ಗೊತ್ತು. ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ. ಬಿಡಿಭಾಗಗಳ ಆಚೆಗೆ ರಥವೆಂಬ ತಿರುಳೂ ಇಲ್ಲ. ಇಲ್ಲಿಗೇ ನಿಲ್ಲಿಸುವವರಿಗೆ ಅದು ಎಲ್ಲ ಹೊಣೆಯಿಂದ ಬಿಡುಗಡೆಯಂತೆ ಕಾಣಬಹುದು. ಆದರೆ ಅದೇ ಗ್ರಂಥದಲ್ಲಿ ಮಾವಿನಹಣ್ಣು ಕದ್ದವನ ದೃಷ್ಟಾಂತವೂ ಇದೆ. ತೋಟದವನು ನೆಟ್ಟದ್ದು ಬೇರೆ ಮಾವು, ನಾನು ಕಿತ್ತದ್ದು ಬೇರೆ ಮಾವು, ಆದ್ದರಿಂದ ನನ್ನದು ಕಳ್ಳತನವಲ್ಲ ಎಂದು ಅವನು ವಾದಿಸಿದರೆ ರಾಜ ಒಪ್ಪುತ್ತಾನೆಯೆ? ಒಪ್ಪುವುದಿಲ್ಲ. ಕಿತ್ತ ಹಣ್ಣು ನೆಟ್ಟ ಹಣ್ಣಿನಿಂದಲೇ ಬಂದದ್ದು. ವಸ್ತು ಅದೇ ಆಗಿ ಉಳಿಯದಿದ್ದರೂ ಹೊಣೆ ಹರಿದು ಬರುತ್ತದೆ. ಬದಲಾವಣೆಯನ್ನು ಅಷ್ಟು ನಿಷ್ಠುರವಾಗಿ ಒಪ್ಪಿದ ದರ್ಶನವೇ ಹೊಣೆಯನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡದ್ದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಜೈನರು ಇದನ್ನು ಆಚರಣೆಯ ಮಟ್ಟಕ್ಕೆ ತಂದರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಶ್ರಾವಕನ, ಅಂದರೆ ಗೃಹಸ್ಥ ಜೈನನ, ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳುತ್ತದೆ. ಅತಿಚಾರವೆಂದರೆ ವ್ರತದಲ್ಲಿ ಬಿದ್ದ ಬಿರುಕು. ವ್ರತವನ್ನೇ ತೊರೆಯುವುದು ಬೇರೆ. ಬಿರುಕು ಬಿಟ್ಟವನು ಪ್ರತಿಕ್ರಮಣ ಮಾಡಿ, ಅಂದರೆ ತಪ್ಪನ್ನು ಒಪ್ಪಿಕೊಂಡು ಪಶ್ಚಾತ್ತಾಪಪಟ್ಟು, ಮರಳಿ ವ್ರತಕ್ಕೆ ಬರುತ್ತಾನೆ. ಒಮ್ಮೆ ತಪ್ಪಿದೆನೆಂದು ಇನ್ನು ಎಲ್ಲವೂ ಸರಿ ಎನ್ನುವ ಅವಕಾಶ ಅವನಿಗಿಲ್ಲ. ಎಂಜಿನ್ ಬದಲಾವಣೆಯನ್ನು ನಾನು ಪಾಪವೆನ್ನುತ್ತಿಲ್ಲ, ಬಿಡಿಭಾಗ ಸಿಗದೆ ನಿಂತುಹೋಗುವ ಗಾಡಿಗೆ ಅದು ಬದುಕೇ ಆಗಿರಬಹುದು. ಮೊದಲನೆಯ ಬದಲಾವಣೆ ಎರಡನೆಯದಕ್ಕೆ ಸಾಕ್ಷಿ ನುಡಿಯಲಾರದು ಎಂಬಷ್ಟೇ ನನ್ನ ಮಾತು.

ಯಂತ್ರವೂ ಇದನ್ನೇ ತನ್ನ ರೀತಿಯಲ್ಲಿ ತೋರಿಸುತ್ತದೆ. ಎಸಿಯ ಕಂಡೆನ್ಸರ್ ಕೂರುವುದು ರೇಡಿಯೇಟರಿನ ಮುಂದೆ. ಹೀಗಾಗಿ ರೇಡಿಯೇಟರಿಗೆ ಬರುವ ಗಾಳಿ ಮೊದಲೇ ಬಿಸಿಯಾಗಿರುತ್ತದೆ. ಚಿಕ್ಕ ಎಂಜಿನ್ನಿಗೆಂದು ಅಳೆದ ಹಳೆಯ ರೇಡಿಯೇಟರ್ ದೊಡ್ಡ ಎಂಜಿನ್ನಿನ ಶಾಖದ ಜೊತೆಗೆ ಇದನ್ನೂ ಹೊರಬೇಕು. ಕಂಪ್ರೆಸರಿನ ಬ್ರಾಕೆಟ್ಟನ್ನು ಎಂಜಿನ್ ಬ್ಲಾಕಿಗೇ ಬಿಗಿಯಬೇಕು. ಬಾಡಿಗೆ ಬಿಗಿದರೆ ರಬ್ಬರ್ ಮೌಂಟಿನ ಮೇಲೆ ಎಂಜಿನ್ ಅಲುಗಿದಾಗಲೆಲ್ಲ ಬೆಲ್ಟು ಸಾಲು ತಪ್ಪುತ್ತದೆ. ಗಾಡಿ ಸಿಗ್ನಲ್ಲಿನಲ್ಲಿ ನಿಂತಾಗ ಬ್ಲೋವರ್, ಫ್ಯಾನು, ಮ್ಯಾಗ್ನೆಟಿಕ್ ಕ್ಲಚ್ ಮೂರೂ ಕೇಳುವ ಕರೆಂಟನ್ನು ಹಳೆಯ ಡೈನಮೊ ಕೊಡಲಾರದು, ಆಲ್ಟರ್ನೇಟರ್ ಬೇಕು. ಅಂದರೆ ಎಸಿ ಒಂಟಿಯಾಗಿ ಬಂದು ಸೇರಿಕೊಳ್ಳುವ ವಸ್ತುವಲ್ಲ; ಅದು ಪ್ರತಿಯೊಂದು ಭಾಗಕ್ಕೂ ಹೊಸ ಲೆಕ್ಕ ಹಾಕಿಸುತ್ತದೆ. ಇನ್ನೇನೂ ಉಳಿದಿಲ್ಲ ಎಂದುಕೊಂಡವರ ಕೈಗೆ ಬೆಲ್ಟಿನ ಸಾಲಿನಿಂದ ವೈರಿಂಗಿನವರೆಗೆ ಉಳಿದದ್ದೆಲ್ಲವೂ ತಾಗುತ್ತದೆ.

ಕಾರು ಜಡ, ಅದಕ್ಕೆಂಥ ಋಣ ಎನ್ನುವ ಆಕ್ಷೇಪ ಸಹಜ. ಋಣ ಕಬ್ಬಿಣಕ್ಕಲ್ಲ, ಅದನ್ನು ಮಾಡಿದವರಿಗೆ, ಇಷ್ಟು ದಶಕ ಕಾಪಾಡಿದವರಿಗೆ, ನಾಳೆ ಪಡೆಯುವವರಿಗೆ. ಆದ್ದರಿಂದಲೇ ಕತ್ತರಿಸಿ ಹಾಕುವ ಕೆಲಸಕ್ಕೂ ಬಿಚ್ಚಿ ತೆಗೆಯಬಹುದಾದ ಕೆಲಸಕ್ಕೂ ವ್ಯತ್ಯಾಸವಿದೆ. ಮೂಲ ಡ್ಯಾಶ್‌ಬೋರ್ಡ್ ಕೊಯ್ದು ಕೂಲಿಂಗ್ ಕಾಯಿಲ್ ತೂರಿಸುವುದು ಬೇರೆ, ಅದರ ಕೆಳಗೆ ತೂಗುಹಾಕುವುದು ಬೇರೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಪರಿಸರದ್ದು. ಓಝೋನ್ ಪದರವನ್ನು ಹಾಳುಗೆಡವುವ ಹಳೆಯ ಆರ್-12 ಅನಿಲಕ್ಕೆ 1987ರ ಮಾಂಟ್ರಿಯಲ್ ಒಪ್ಪಂದ ಕಡಿವಾಣ ಹಾಕಿತು. ಅದರ ಜಾಗಕ್ಕೆ ಬಂದ ಆರ್-134ಎ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಕಾಯಿಸಬಲ್ಲದು. ಒಳಗೆ ಕೂತವರ ಸೆಕೆಯನ್ನು ಹೊರಗೆ ನಡೆಯುವವರ ಮೇಲೆ ಚೆಲ್ಲುವುದೂ ನಿಜ. ಇದನ್ನು ತಳ್ಳಿಹಾಕಲಾರೆ. ಆದರೂ ಮೇ ತಿಂಗಳ ರಾಯಚೂರಿನಲ್ಲಿ 40 ಡಿಗ್ರಿ ದಾಟಿದ ಬಿಸಿಲಲ್ಲಿ ವಯಸ್ಸಾದವರನ್ನು ಕರೆದೊಯ್ಯುವ ಗಾಡಿಗೆ ಎಸಿ ವಿಲಾಸವಲ್ಲ. ಪರವಾನಗಿ ಬರಬೇಕಾದದ್ದು ಇಲ್ಲಿಂದ, ಕೂತವರ ಮೇಲಿನ ದಯೆಯಿಂದ. ಅಲ್ಲಿಂದ ಬಂದಾಗ ಅದು ತನ್ನ ಮಿತಿಯನ್ನೂ ಜೊತೆಗೇ ತರುತ್ತದೆ: ಸೋರದ ಹೋಸುಗಳು, ರಿಪೇರಿಯ ವೇಳೆ ಅನಿಲವನ್ನು ಗಾಳಿಗೆ ಬಿಡದೆ ಹಿಡಿದಿಡುವ ಶಿಸ್ತು, ಬೇಡದಾಗ ಆರಿಸುವ ಅಭ್ಯಾಸ.

ಹೀಗೆ ಮಾಡಿದ ಕಾರು ವಿಂಟೇಜ್ ಫಲಕ ಕೇಳಬಾರದು. ಕೊಳ್ಳುವವರಿಂದ ಏನನ್ನೂ ಮುಚ್ಚಿಡಬಾರದು. ಎಂಜಿನ್ ಬದಲಾದದ್ದು ಆರ್.ಸಿ.ಯಲ್ಲಿ ದಾಖಲಾಗಿರಬೇಕು, ಹಳೆಯ ಎಂಜಿನ್ನನ್ನು ಗುಜರಿಗೆ ಕೊಡದೆ ಉಳಿಸಿದ್ದರೆ ಇನ್ನೂ ಒಳ್ಳೆಯದು. ವಿಂಟೇಜ್ ನೋಂದಣಿಯ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ ಮತ್ತು ರ‍್ಯಾಲಿಯಂಥ ಕೆಲವು ಉದ್ದೇಶಗಳಿಗೆ ಮಾತ್ರ ರಸ್ತೆಗೆ ತರಬಹುದು. ಜನರನ್ನು ಹೊತ್ತು ಓಡಲೆಂದೇ ಹುಟ್ಟಿದ ಅಂಬಾಸಡರ್ ಆ ಫಲಕವಿಲ್ಲದೆ, ಬದಲಾದ ಎಂಜಿನ್ನಿನೊಂದಿಗೆ ಜನರನ್ನು ಹೊತ್ತು ಓಡುವುದರಲ್ಲಿ ನನಗೆ ಯಾವ ಕೊರತೆಯೂ ಕಾಣುವುದಿಲ್ಲ.