ಚಿಂದಿಯ ರಗ್ಗು, ಕುರಿಯ ಕಂಬಳಿ

ಹಿರಿಯೂರು, ಹೊಸದುರ್ಗದ ಸಂತೆಗಳಲ್ಲಿ ಚಳಿಗಾಲಕ್ಕೆ ಮಾರುವ ಅಗ್ಗದ ರಗ್ಗನ್ನು ಬಿಸಿಲಿಗೆ ಹಿಡಿದು ನೋಡಬೇಕು. ದೂರಕ್ಕೆ ಬರೀ ಬೂದು. ಹತ್ತಿರ ತಂದರೆ ಅಲ್ಲೊಂದು ಕೆಂಪು ನಾರು, ಇಲ್ಲೊಂದು ಹಸಿರು ಚುಕ್ಕೆ. ಯಾವುದೋ ದೇಶದ ಯಾರದೋ ಸ್ವೆಟರಿನ ಉಳಿಕೆ.

ಇಂಥ ರಗ್ಗುಗಳ ತವರು ಹರಿಯಾಣದ ಪಾಣಿಪತ್. ಶ್ರೀಮಂತ ದೇಶಗಳವರು ಬಿಸಾಡಿದ ಉಣ್ಣೆಬಟ್ಟೆ ಹಡಗಿನಲ್ಲಿ ಬರುತ್ತದೆ. ಮತ್ತೆ ಯಾರೂ ಉಡದಿರಲೆಂದು ಮೊದಲೇ ಸೀಳಿರುತ್ತಾರೆ. ಹೆಂಗಸರು ನೆಲದ ಮೇಲೆ ಕೂತು ಗುಂಡಿ, ಜಿಪ್ಪು, ಲೇಬಲ್ ಕಿತ್ತು, ಒಂದೊಂದು ಬಣ್ಣಕ್ಕೆ ಒಂದೊಂದು ಗುಡ್ಡೆ ಹಾಕುತ್ತಾರೆ. ಹೀಗೆ ಆರಿಸಿಟ್ಟರೆ ಬಣ್ಣ ಹಾಕುವ ಖರ್ಚು ಉಳಿಯಿತು. ಆಮೇಲೆ ಹಲ್ಲಿನ ಉರುಳೆಗಳು ಬಟ್ಟೆಯನ್ನು ಸಿಗಿದು ನಾರು ಮಾಡುತ್ತವೆ. ಇಂಗ್ಲೆಂಡಿನ ಬ್ಯಾಟ್ಲಿಯಲ್ಲಿ ಬೆಂಜಮಿನ್ ಲಾ 1813ರ ಸುಮಾರಿಗೆ ಶುರುಮಾಡಿದ ವಿದ್ಯೆ ಇದು. ಅಲ್ಲಿ ಇದಕ್ಕೆ ಶಾಡಿ ಎಂದು ಹೆಸರು. ಸಿಗಿದಷ್ಟೂ ನಾರು ಗಿಡ್ಡವಾಗುತ್ತದೆ, ನೂಲಿಗೆ ಬಲ ಸಾಲದು. ಹೊಸ ಉಣ್ಣೆಯನ್ನೋ ಸಿಂಥೆಟಿಕ್ ನಾರನ್ನೋ ಬೆರೆಸಬೇಕು. ಭೂಕಂಪ, ನೆರೆ ಬಂದಾಗ ಹಂಚಲು ಪಾಣಿಪತ್ತಿನಿಂದ ಎಷ್ಟೋ ಹೊದಿಕೆಗಳು ಹೋಗಿವೆ.

ಅದು ಕೀಳು ಮಾಲೆಂದು ನಾನು ಹೇಳಲಾರೆ. ಕಾಡುವ ಮಾತು ಬೇರೆ. ಚಿತ್ರದುರ್ಗ ಕುರಿಯ ಸೀಮೆ. ಚಳ್ಳಕೆರೆಯ ಕರಿಕಂಬಳಿಗೆ ಕುರಿಯ ಮೈಬಣ್ಣವೇ ಬಣ್ಣ, ನೂಲಿಗೆ ಹುಣಸೆಬೀಜದ ಗಂಜಿ. ತಲೆಗೆ ಹಾಕಿದರೆ ಮಳೆಗೆ ಕೊಪ್ಪೆ, ನೆಲಕ್ಕೆ ಹಾಸಿದರೆ ಪೂಜೆಯ ಗದ್ದಿಗೆ. ಚುಚ್ಚುತ್ತದೆ, ನಿಜ, ಕಂಬಳಿ ಮೇಲೆ ಕೂತು ಉಣ್ಣುವವನು ಕೂದಲು ಎಣಿಸಬಾರದು. ಈಗ ದಖ್ಖನಿ ಕುರಿಯ ಒರಟು ಉಣ್ಣೆಯನ್ನು ಕೇಳುವವರಿಲ್ಲ. ಎಷ್ಟೋ ಕಡೆ ಕತ್ತರಿಸಿದ ಕೂಲಿಯೂ ಹುಟ್ಟದೆ ಅಲ್ಲೇ ಬಿಟ್ಟು ಹೋಗುತ್ತಾರೆ. ಮಾಂಸಕ್ಕೆಂದು ಉಣ್ಣೆಯಿಲ್ಲದ ನೆಲ್ಲೂರು ಕುರಿ ಸಾಕುವವರು ಹೆಚ್ಚಿದ್ದಾರೆ. ಹಟ್ಟಿಯ ಹೊಸ ಉಣ್ಣೆ ತಿಪ್ಪೆಗೆ, ಸಮುದ್ರ ದಾಟಿ ಬಂದ ಹಳೆಯದು ಹಾಸಿಗೆಗೆ! ಬೆಲೆ ನೋಡಿ ಕೊಳ್ಳುವವರದೇನೂ ತಪ್ಪಿಲ್ಲ.

ಹಳೆಯದನ್ನು ಹೊದೆಯುವುದು ನಮಗೇನು ಹೊಸದೇ? ಹೊಳಲ್ಕೆರೆ ಕಡೆಯ ಅಜ್ಜಿ ಕೌದಿ ಹೊಲಿದರೆ, ಯಾವ ತುಂಡು ಯಾರ ಸೀರೆಯದು ಎಂದು ಬೆರಳಿಟ್ಟು ಹೇಳಿಯಾಳು. ಶಾಡಿಯ ಯಂತ್ರ ಆ ಗುರುತನ್ನೇ ಮೊದಲು ಅಳಿಸುತ್ತದೆ. ಕಂಡರಿಯದವರ ಬಟ್ಟೆಯನ್ನು ನಾವು ಅಳುಕಿಲ್ಲದೆ ಮೈಮೇಲೆ ಎಳೆದುಕೊಳ್ಳುವುದೂ ಅದಕ್ಕೇ ಇರಬೇಕು. ಈಚೆಗೆ ಪಾಣಿಪತ್ತಿನಲ್ಲೇ ಪಾಲಿಯೆಸ್ಟರ್ ಹೊದಿಕೆಯ ಕಾರ್ಖಾನೆಗಳು ಎದ್ದಿವೆ. ಹಗುರ, ನುಣುಪು, ಮೇಲೆ ದೊಡ್ಡ ದೊಡ್ಡ ಗುಲಾಬಿ. ಕರಿಕಂಬಳಿಯ ಜಾಗಕ್ಕೆ ಬಂದ ಚಿಂದಿಯ ರಗ್ಗನ್ನು ಅದೀಗ ಪಕ್ಕಕ್ಕೆ ತಳ್ಳುತ್ತಿದೆ.