ಬದಲಾವಣೆಯಲ್ಲಿ ಒಂದು ಪಾಲು

1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ, ಊರಿನ ಹಂಬಲವೂ ಒಂದು ಕಾಯಿಲೆಯೇ ಎಂದು ಪ್ರಬಂಧ ಬರೆದ. ಬರ್ನ್‌ನಿಂದ ಓದಲು ಬಂದು ಹಾಸಿಗೆ ಹಿಡಿದ ಯುವಕನೊಬ್ಬನ ಕಥೆ ಅದರಲ್ಲಿದೆ. ಹುಡುಗ ಉಳಿಯುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. ಊರಿಗೆ ಕಳಿಸುವ ತಯಾರಿ ಶುರುವಾದದ್ದೇ ತಡ, ಚೇತರಿಸಿಕೊಳ್ಳತೊಡಗಿದ. ಬರ್ನ್ ಮುಟ್ಟುವ ಮೊದಲೇ ಗುಣವಾಗಿದ್ದ. ಊರಿನ ಗಾಳಿ, ನೀರು ಇನ್ನೂ ಸೋಕಿರಲೇ ಇಲ್ಲ. ಹಾಗಾದರೆ ಅವನಿಗೆ ಮದ್ದಾದದ್ದು ಏನು?

ತತ್ವಜ್ಞಾನಿ ಕಾಂಟ್ 1798ರಲ್ಲಿ ಪ್ರಕಟಿಸಿದ ಮಾನವಶಾಸ್ತ್ರದ ಪುಸ್ತಕದಲ್ಲಿ ಇದೇ ಸ್ವಿಸ್ ಜನರ ಹಂಬಲವನ್ನು ಕೈಗೆತ್ತಿಕೊಳ್ಳುತ್ತಾನೆ. ಊರಿಗೆ ಮರಳಿದವರು ನಿರಾಶರಾಗಿ, ಆ ನಿರಾಶೆಯಿಂದಲೇ ವಾಸಿಯಾಗುತ್ತಾರೆ ಎಂಬುದು ಅವನ ಮಾತು. ಅವರು ಬಯಸಿದ್ದು ಊರನ್ನಲ್ಲ, ಕಳೆದುಹೋದ ಯೌವನವನ್ನು, ಅದಂತೂ ಸಿಗುವುದಿಲ್ಲ. ಹುಟ್ಟೂರು ಕ್ಯೋನಿಗ್ಸ್‌ಬರ್ಗ್ ಬಿಟ್ಟು ಹೆಚ್ಚು ದೂರ ಹೋಗದವನ ಮಾತಿದು ಎಂದು ನಕ್ಕು ತಳ್ಳಿಹಾಕಬಹುದು. ಆದರೆ ವಾದ ಗಟ್ಟಿಯಾಗಿದೆ, ಉತ್ತರ ಕೊಡಲೇಬೇಕು.

ಯೌವನ ಊರಲ್ಲೇ ಉಳಿದವರದ್ದೂ ಹೋಯಿತು. ಅವರ ಬಾಲ್ಯದ ಕೆರೆಯೂ ಬತ್ತಿತು, ಗೆಳೆಯರೂ ಸತ್ತರು. ಅವರಿಗೇಕೆ ಈ ಕಾಯಿಲೆ ಇಲ್ಲ? ದುಬೈಯಲ್ಲಿರುವ ನನ್ನ ಭಾವನೊಬ್ಬ ಪುತ್ತೂರು ಕಡೆಯ ಮನೆಗೆ ವಿಡಿಯೋ ಕಾಲ್ ಮಾಡಿದ್ದ. ದುಬೈಯಲ್ಲಿ ವಾಟ್ಸಾಪ್‌ನಲ್ಲಿ ಮೆಸೇಜ್ ಹೋಗುತ್ತದೆ, ಕಾಲ್ ಹೋಗುವುದಿಲ್ಲ. ಅದಕ್ಕೆಂದೇ ಬೋಟಿಮ್ ಎಂಬ ಆ್ಯಪ್ ಹಾಕಿಕೊಂಡಿರುತ್ತಾರೆ. ಅಂದು ಅಜ್ಜನ ತಿಥಿ. ಫೋನನ್ನು ಹಿತ್ತಾಳೆಯ ಚೊಂಬಿಗೆ ಒರಗಿಸಿಟ್ಟಿದ್ದರು. ಯಾರೋ ಹಾದುಹೋಗುವಾಗ ಚೊಂಬು ಅಲುಗಿ ಫೋನು ಅಂಗಳದ ಕಡೆ ತಿರುಗಿತು. ಭಾವ ಕೇಳಿದ: "ಆ ಹಲಸಿನ ಮರ ಎಂತ ಆಯ್ತು?" ತಂಗಿ ಬಾಳೆಲೆ ಒರೆಸುತ್ತಲೇ ಹೇಳಿದಳು: "ಅದು ಕಡಿದು ಎರಡು ಮಳೆಗಾಲ ಆಯ್ತಲ್ಲ ಅಣ್ಣ, ನಿನಗೆ ಹೇಳ್ಲಿಲ್ವಾ?"

ಮನೆಯವರಿಗೂ ಆ ಮರ ಹೋದದ್ದಕ್ಕೆ ಬೇಸರವಿತ್ತು. ಆದರೆ ಕೊಂಬೆ ನೆರೆಮನೆಯ ಹಂಚಿನ ಮೇಲೆ ಬಾಗಿದ್ದನ್ನು ಅವರು ನೋಡಿದ್ದರು, ಕಡಿಯಬೇಕೋ ಬೇಡವೋ ಎಂದು ಜಗಳವಾಡಿದ್ದರು, ಕೊನೆಗೆ ಹಲಗೆ ಕೊಯ್ಸಿ ಹಿಂಬಾಗಿಲು ಮಾಡಿಸಿದ್ದರು. ಅವರ ಪಾಲಿಗೆ ಮರ ಸ್ವಲ್ಪ ಸ್ವಲ್ಪವಾಗಿ ಹೋಗಿತ್ತು. ಭಾವನಿಗೆ ಅದು ಒಂದೇ ಏಟಿಗೆ ಹೋಯಿತು. ಕಾಂಟ್‌ನ ಕಣ್ಣಿಗೆ ಬೀಳದೇ ಹೋದದ್ದು ಇದು. ಪರದೇಶದಲ್ಲಿರುವವನು ಊರು ಬದಲಾಗಬಾರದೆಂದು ಹಂಬಲಿಸುವುದಿಲ್ಲ. ಆ ಬದಲಾವಣೆಯಲ್ಲಿ ತನಗೊಂದು ಪಾಲು ಇರಲಿಲ್ಲವಲ್ಲ ಎಂದು ಹಂಬಲಿಸುತ್ತಾನೆ. ಬರ್ನ್‌ನ ಹುಡುಗ ದಾರಿಯಲ್ಲೇ ಗುಣವಾದದ್ದೂ ಹೀಗಿದ್ದೀತು: ಹೊರಟ ಗಳಿಗೆಯಿಂದ ಅವನು ಮತ್ತೆ ಲೆಕ್ಕಕ್ಕೆ ಬಂದಿದ್ದ.

ಊಟ-ತಿಂಡಿಯನ್ನು ಈ ಮಾತಿಗೆ ಎಳೆದು ತರುವುದು ಈಗ ಹಳತಾಯಿತು. ದುಬೈಯ ಕರಾಮದ ಅಂಗಡಿಗಳಲ್ಲಿ ಕುಚ್ಚಲಕ್ಕಿ ಸಿಗುತ್ತದೆ. ಕಷ್ಟಗಳು ಬೇರೆ ಇವೆ. ಒಂದೇ ಕೋಣೆಯಲ್ಲಿ ನಾಲ್ಕೈದು ಜನ ಬೆಡ್ ಸ್ಪೇಸ್ ಹಿಡಿದು ಮಲಗುವುದು. ಬಿಸಿಲಲ್ಲಿ ದುಡಿಯುವವರಿಗೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ನಡುಮಧ್ಯಾಹ್ನ ಕೆಲಸ ನಿಲ್ಲಿಸಬೇಕೆಂದು ಕಾನೂನೇ ಹೇಳಬೇಕಾದಂಥ ಸೆಕೆ. ಎಲ್ಲಕ್ಕಿಂತ ಮಿಗಿಲಾಗಿ, ಹೆಚ್ಚಿನವರಿಗೆ ಅಲ್ಲಿ ಇರುವ ಹಕ್ಕು ನೌಕರಿಗೆ ಅಂಟಿಕೊಂಡಿದೆ. ಇಪ್ಪತ್ತು ವರ್ಷ ದುಡಿದರೂ, ಮಕ್ಕಳು ಅಲ್ಲೇ ಹುಟ್ಟಿದರೂ, ಅಷ್ಟರಿಂದ ಪೌರತ್ವ ಬರುವುದಿಲ್ಲ. ಆ ಊರು ದಿನದಿನವೂ ಬದಲಾಗುತ್ತದೆ, ಕಟ್ಟುವ ಕೈ ಇವರದೇ. ಏನು ಕಟ್ಟಬೇಕೆಂದು ಇವರನ್ನು ಯಾರೂ ಕೇಳುವುದಿಲ್ಲ. ಇತ್ತ ಊರಲ್ಲಿ? ಭಾರತದ ಕಾನೂನು 2010ರ ತಿದ್ದುಪಡಿಯಿಂದ ಅನಿವಾಸಿ ನಾಗರಿಕರಿಗೆ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳಲು ಬಿಟ್ಟಿತು, ಆದರೆ ಓಟು ಹಾಕಲು ಮತಗಟ್ಟೆಗೆ ಖುದ್ದಾಗಿ ಬರಬೇಕು. ಬದಲಿಗೆ ಇನ್ನೊಬ್ಬರ ಕೈಯಲ್ಲಿ ಹಾಕಿಸಲು ಬಿಡುವ ಮಸೂದೆ 2018ರಲ್ಲಿ ಲೋಕಸಭೆ ದಾಟಿ, ಅಲ್ಲಿಗೇ ನಿಂತು, ಮರುವರ್ಷ ಬಿದ್ದುಹೋಯಿತು.

ದುಡ್ಡು ಕಳಿಸುತ್ತಾರಲ್ಲ, ಅದೇ ಅವರ ಪಾಲು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ದುಡ್ಡು ಬಂದಷ್ಟೂ ಮನೆಯವರು "ಪಾಪ, ಅವನಿಗ್ಯಾಕೆ ತಲೆಬಿಸಿ" ಎಂದು ಜಗಳವನ್ನು ಮುಚ್ಚಿಟ್ಟು ಖರ್ಚಿನ ಲೆಕ್ಕವನ್ನು ಮಾತ್ರ ಕಳಿಸುತ್ತಾರೆ. ಪ್ರೀತಿಯಿಂದಲೇ ಅವನನ್ನು ನೆಂಟನನ್ನಾಗಿ ಮಾಡುತ್ತಾರೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. ಊರಲ್ಲಿ ಎಂದೂ ಪಾಲೇ ಸಿಗದವರ ಮಾತೇನು? ಜಾತಿಯ ಕಾರಣಕ್ಕೆ ಅಂಗಳದಾಚೆ ನಿಲ್ಲಬೇಕಾಗಿದ್ದವನಿಗೆ ದುಬೈಯ ಬೆಡ್ ಸ್ಪೇಸಿನಲ್ಲಿ ಮೊದಲ ಸಲ ಎಲ್ಲರ ಜತೆ ಒಂದೇ ಪಾತ್ರೆಯ ಅನ್ನ ಸಿಕ್ಕಿದ್ದರೆ, ಅವನು ಊರಿಗಾಗಿ ಯಾಕೆ ಅಳಬೇಕು? ಅಳಬೇಕಾಗಿಲ್ಲ. ಅವನಿಗೆ ತಾಯಿಯ ನೆನಪಾಗಬಹುದು; ಅದು ಬೇರೆ. ಊರಿನ ಹಂಬಲ ಎಲ್ಲರಿಗೂ ಸಮನಾಗಿರುತ್ತದೆ ಎಂದುಕೊಳ್ಳುವುದು ಪಾಲು ಇದ್ದವರ ಭ್ರಮೆ.

ಇದನ್ನೆಲ್ಲ ಹೋಫರ್‌ಗಿಂತ ಮೊದಲೇ ಅರಿತವರು ಮದುವೆಯಾಗಿ ಹೋದ ನಮ್ಮ ಹೆಣ್ಣುಮಕ್ಕಳು. ವೀಸಾ ಇಲ್ಲದೆಯೇ ಅವರು ಪರದೇಶಿಗಳಾಗಿದ್ದರು. ಅಣ್ಣನ ಮದುವೆಯಾದ ಮೇಲೆ ತವರಿನ ಅಡುಗೆಮನೆ ತಮ್ಮನ್ನು ಕೇಳದೆ ಬದಲಾಗುವುದನ್ನು ನೋಡಿದವರು. ಅವರು ಕಂಡುಕೊಂಡ ಉಪಾಯ ತತ್ವಜ್ಞಾನಿಗಳದಕ್ಕಿಂತ ಮೇಲು. ಗಲ್ಫ್‌ನಿಂದ ತಿಂಗಳ ರಜೆಗೆ ಬಂದ ಗಂಡಸು ಪೆಟ್ಟಿಗೆ ಬಿಚ್ಚಿ ಚಾಕಲೇಟು ಹಂಚಿ ಜಗಲಿಯಲ್ಲಿ ಕೂರುತ್ತಾನೆ, ಊಟಕ್ಕೆ ಕರೆಯುವವರೆಗೂ ಏಳುವುದಿಲ್ಲ. ತವರಿಗೆ ಬಂದ ಮಗಳು ಸೀರೆ ಕೂಡ ಬದಲಿಸದೆ ಒಳಗೆ ಹೋಗಿ, ಉಪ್ಪಿನ ಭರಣಿಯನ್ನು ಇಲ್ಲಿ ಇಟ್ಟವರು ಯಾರು ಎಂದು ತಕರಾರು ತೆಗೆಯುತ್ತಾಳೆ. ಅತ್ತಿಗೆಗೆ ಸಿಟ್ಟು ಬರುತ್ತದೆ. ಬರಲಿ, ನೆಂಟರ ಮೇಲೆ ಯಾರೂ ಹಾಗೆ ಸಿಟ್ಟಾಗುವುದಿಲ್ಲ.